ಫೋನ್ ಓಕೆ, ಲ್ಯಾಪ್‌ಟಾಪ್ ಯಾಕೆ ಬೇಡ?

ಹೋದ ಸೆಮಿಸ್ಟರ್ ಹ್ಯಾಕಥಾನ್‌ಗೆ ಅಂತ ಬೆಂಗಳೂರಿಂದ ದೆಹಲಿಗೆ ಹೊರಟಿದ್ದೆ. ಪಿಪಿಟಿ ಇನ್ನೂ ಅರ್ಧ ಬಾಕಿ. ವಿಮಾನ ರನ್‌ವೇ ಕಡೆ ತೆವಳುತ್ತಿತ್ತು. ಗಗನಸಖಿ ಬಂದು "ಲ್ಯಾಪ್‌ಟಾಪ್ ಒಳಗಿಡಿ, ಟ್ರೇ ಮುಚ್ಚಿ" ಅಂದರು. ಮುಂದಿನ ಸಾಲಿನವರ ಕೈಲಿ ಫೋನ್ ಇತ್ತು, ಅವರಿಗೆ ಏನೂ ಅನ್ನಲಿಲ್ಲ. ನನಗೆ ಸಿಟ್ಟು ಬಂತು. ಸಿಗ್ನಲ್ ತೊಂದರೆ ಅಂದ್ರೆ ಇಬ್ಬರಿಗೂ ಒಂದೇ ರೂಲ್ ಇರ್ಬೇಕಲ್ವಾ?

ಆದ್ರೆ ವಿಷಯ ಸಿಗ್ನಲ್‌ದಲ್ಲ. ಫ್ಲೈಟ್ ಮೋಡ್‌ನಲ್ಲಿರುವ ಫೋನನ್ನು ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲೂ ಬಳಸೋಕೆ ಅಮೆರಿಕದ ಎಫ್‌ಎಎ 2013ರಲ್ಲಿ ದಾರಿ ಬಿಟ್ಟಿತು, ನಮ್ಮ ಡಿಜಿಸಿಎ 2014ರಲ್ಲಿ. ಲ್ಯಾಪ್‌ಟಾಪ್‌ನ ಕಥೆ ಫಸ್ಟ್ ಇಯರ್ ಮೆಕ್ಯಾನಿಕ್ಸ್‌ದು.

ಟ್ರೇಗೂ ಲ್ಯಾಪ್‌ಟಾಪ್‌ಗೂ ನಡುವೆ ಘರ್ಷಣಾಂಕ 0.3 ಅಂತ ಇಟ್ಕೊಳ್ಳಿ. ಪೈಲಟ್ ಟೇಕಾಫ್ ಕೈಬಿಟ್ಟು 0.3 ಜಿಗಿಂತ ಜೋರಾಗಿ ಬ್ರೇಕ್ ಹಾಕಿದ್ರೆ ಸಾಕು, ಅದು ಜಾರುತ್ತೆ. ಇದು ಸಣ್ಣ ಕೇಸ್. ಈಗಿನ ದೊಡ್ಡ ಪ್ರಯಾಣಿಕ ವಿಮಾನಗಳ ಸೀಟನ್ನು 16 ಜಿ ಹೊಡೆತಕ್ಕೆ ಪರೀಕ್ಷಿಸುತ್ತಾರೆ. ಅಂಥ ಹೊಡೆತದಲ್ಲಿ 2 ಕೆಜಿ ಲ್ಯಾಪ್‌ಟಾಪನ್ನು ಹಿಡಿದಿಡೋಕೆ ಬೇಕಾದ ಬಲ 2 × 16 × 9.8, ಅಂದ್ರೆ ಸುಮಾರು 314 ನ್ಯೂಟನ್. 32 ಕೆಜಿ ಮೂಟೆಯನ್ನು ಬೆರಳಲ್ಲಿ ಹಿಡಿದಂಗೆ! 200 ಗ್ರಾಂ ಫೋನಿಗೆ ಇದೇ ಲೆಕ್ಕ 3.2 ಕೆಜಿ ಬರುತ್ತೆ. ಕಷ್ಟ, ಆದ್ರೆ ಕೈಯಲ್ಲಿ ನಿಲ್ಲಬಹುದು. ಕೈತಪ್ಪಿದ ಲ್ಯಾಪ್‌ಟಾಪ್ ಯಾರ ತಲೆಗೆ ಹೋಗುತ್ತೋ ಹೇಳೋಕಾಗಲ್ಲ.

ಇನ್ನೊಂದು ಕಾರಣ ನನಗೆ ಹೊಳೆದೇ ಇರಲಿಲ್ಲ. ದೊಡ್ಡ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದ್ರೆ, ಅರ್ಧದಷ್ಟು ಬಾಗಿಲುಗಳಿಂದಲೇ ಎಲ್ಲರೂ 90 ಸೆಕೆಂಡಲ್ಲಿ ಹೊರಬರಬಹುದು ಅಂತ ತೋರಿಸಬೇಕು. ನಾನು ಕೂತಿದ್ದು ದಾರಿ ಪಕ್ಕದ ಸೀಟು. ಕಿಟಕಿ ಹತ್ತಿರ ಮಂಡಿನೋವಿನ ಒಬ್ಬರು ಅಜ್ಜಿ ಇದ್ದರು. ಅವರು ಹೊರಗೆ ಬರಬೇಕಾದ್ರೆ ನನ್ನ ಟ್ರೇ, ಲ್ಯಾಪ್‌ಟಾಪ್, ಕಾಲಿಗೆ ಸುತ್ತೋ ಚಾರ್ಜರ್ ವೈರ್ ಎಲ್ಲ ದಾಟಬೇಕು.

ಎಲ್ಲಿಡೋದು? ಬ್ಯಾಗಿಗೆ ಹಾಕಿ ಮುಂದಿನ ಸೀಟಿನ ಕೆಳಗೆ ಪೂರ್ತಿ ತಳ್ಳಿ, ಇಲ್ಲವೇ ಮೇಲಿನ ಲಗೇಜ್ ಬಿನ್‌ನಲ್ಲಿಡಿ. ತುರ್ತು ಬಾಗಿಲ ಸಾಲಲ್ಲಿ ಕೂತಿದ್ರೆ ಮೇಲೆಯೇ. ಸೀಟಿನ ಜೇಬು ಅಷ್ಟು ಭಾರಕ್ಕೆ ಮಾಡಿದ್ದಲ್ಲ. ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟು ಹಿಂದೆ ಮುಂದೆ ಮಾಡಿ ಹುಡುಕಬೇಡಿ, ಸಿಬ್ಬಂದಿಯನ್ನು ಕರೆಯಿರಿ. ಲಿಥಿಯಂ ಬ್ಯಾಟರಿ ಜಜ್ಜಿಹೋದ್ರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು.

ಪಿಪಿಟಿ? ವಿಮಾನ ಮೇಲೇರಿದ ಮೇಲೆ ಮುಗಿಸಿದೆ. ಅಜ್ಜಿ ಅಷ್ಟೊತ್ತಿಗೆ ನಿದ್ದೆ ಹೋಗಿದ್ದರು.