ಹಳೇ ಕ್ರೆಡಿಟ್ ಕಾರ್ಡ್ ಸಾಲ: ಕೋರ್ಟಿನ ಸಮನ್ಸ್ ಮನೆಗೆ ಬಂದಾಗ



ಸಂಘದ ಸಾಲ ನಮಗೆಲ್ಲಾ ಗೊತ್ತು. ನೂರಕ್ಕೆ ಇಷ್ಟು ಬಡ್ಡಿ ಅಂತ ನಾವೇ ಕೂತು ತೀರ್ಮಾನ ಮಾಡಿರುತ್ತೇವೆ, ಪುಸ್ತಕದಲ್ಲಿ ಬರೆದಿರುತ್ತದೆ. ಕ್ರೆಡಿಟ್ ಕಾರ್ಡ್ ಸಾಲ ಹಾಗಲ್ಲ. ಬಿಲ್ಲಿನಲ್ಲಿ "ಕನಿಷ್ಠ ಮೊತ್ತ" ಅಂತ ಸಣ್ಣದೊಂದು ಅಂಕಿ ಇರುತ್ತೆ. ಅಷ್ಟು ಕಟ್ಟಿದರೆ ಸಾಕು ಅಂದುಕೊಳ್ಳುತ್ತೇವೆ. ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಅಂತ ಇಟ್ಟುಕೊಳ್ಳಿ. 20,000 ರೂ. ಬಾಕಿಗೆ ತಿಂಗಳಿಗೆ 700 ರೂ., ವರ್ಷಕ್ಕೆ 8,400, ಮೂರು ವರ್ಷಕ್ಕೆ 25,200 ರೂ. ಬಡ್ಡಿಯೇ ಅಸಲನ್ನು ಮೀರಿತು ನೋಡಿ! ಅದರ ಮೇಲೆ ತಡವಾದದ್ದಕ್ಕೆ ದಂಡ, ಜಿ.ಎಸ್.ಟಿ. ಬೇರೆ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ರದ್ದು ಮಾಡಿದೆ. ಹಾಗಾಗಿ ಅದನ್ನು ನಂಬಿಕೊಂಡು ಕೂರಬೇಡಿ.

ನಮ್ಮ ಒಬ್ಬ ಸದಸ್ಯೆಯ ಮಾತು ಹೇಳುತ್ತೇನೆ. ಬ್ಯಾಂಕಿನವರು ದಾವೆ ಹಾಕಿದ್ದರು. ವಸೂಲಿಗೆ ಬಂದ ಹುಡುಗ, "ಅಕ್ಕಾ, ಹದಿನೈದು ಸಾವಿರ ಕೊಡಿ, ಕೇಸು ನಾನು ಮುಗಿಸ್ತೀನಿ" ಅಂದ. ಸರ ಅಡವಿಟ್ಟು ಕೊಟ್ಟರು. ರಸೀದಿ ಇಲ್ಲ. ಕೋರ್ಟಿಗೂ ಹೋಗಲಿಲ್ಲ, ಮುಗೀತಲ್ಲ ಅಂತ. ಆದರೆ ಕೇಸು ಅಲ್ಲೇ ಇತ್ತು. ಇವರು ಹಾಜರಾಗಿಲ್ಲ ಅಂತ ಪೂರ್ತಿ ಹಣಕ್ಕೆ ಏಕಪಕ್ಷೀಯ ಡಿಕ್ರಿ ಆಯಿತು. ಆಮೇಲೆ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಿ ಅಲೆದದ್ದು ಎಷ್ಟೋ ದಿನ.

ಆದ್ದರಿಂದ ಮೊದಲು ಕಾಗದ ಓದಿಸಿ. ವಕೀಲರ ನೋಟೀಸು ಬೇರೆ, ಕೋರ್ಟಿನ ಸಮನ್ಸ್ ಬೇರೆ. ಸಮನ್ಸ್‌ನಲ್ಲಿ ಕೋರ್ಟಿನ ಮೊಹರು, ಕೇಸಿನ ನಂಬರು, ಹಾಜರಾಗುವ ತಾರೀಖು ಇರುತ್ತೆ. ಅನುಮಾನ ಇದ್ದರೆ ಕೋರ್ಟಿನ ಕಛೇರಿಯಲ್ಲಿ ನಂಬರು ತೋರಿಸಿ ಕೇಳಿ. "ತಗೊಳ್ಳದಿದ್ರೆ ಏನೂ ಆಗಲ್ಲ" ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅದು ತಪ್ಪು. ಬೇಡವೆಂದು ವಾಪಸ್ ಕಳಿಸಿದರೂ ತಲುಪಿದ ಹಾಗೇ ಲೆಕ್ಕ. ಸಾಮಾನ್ಯ ದಾವೆಯಲ್ಲಿ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಸಂಕ್ಷಿಪ್ತ ದಾವೆ ಆಗಿದ್ದರೆ ಹಾಜರಾತಿಗೆ 10 ದಿನ ಮಾತ್ರ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಸಾಲ ಎಷ್ಟು ಹಳೆಯದು ಎಂಬುದನ್ನು ವಕೀಲರಿಗೆ ಮೊದಲೇ ತಿಳಿಸಿ. ಇಂಥ ಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು. ನಡುವೆ ನೀವು "ಸಾಲ ಇದೆ" ಎಂದು ಸಹಿ ಮಾಡಿಕೊಟ್ಟಿದ್ದರೆ ಅವಧಿ ಮತ್ತೆ ಹೊಸದಾಗಿ ಶುರುವಾಗುತ್ತೆ. ಏಜೆಂಟ್ ತಂದ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತಬಾರದು ಅನ್ನುವುದು ಇದಕ್ಕೇ. ಖಾಲಿ ಚೆಕ್ಕನ್ನಂತೂ ಕೊಡಲೇಬೇಡಿ, ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು.

"ಪೊಲೀಸ್ ಕರ್ಕೊಂಡು ಬರ್ತೀವಿ, ಜೈಲು ಗ್ಯಾರಂಟಿ" ಅಂತ ಹೆದರಿಸುವುದುಂಟು. ಹಣದ ಡಿಕ್ರಿ ವಸೂಲಿಗೆ ಹೆಂಗಸನ್ನು ಬಂಧಿಸುವ ಹಾಗಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮಿನಲ್ಲೇ ಇದೆ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಧರ್ಮದ ಪದ್ಧತಿಯಂತೆ ತೆಗೆಯಬಾರದ ಒಡವೆ, ಇವನ್ನು ಜಪ್ತಿ ಮಾಡುವಂತಿಲ್ಲ (60ನೇ ಕಲಮು). ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಗಂಡನ ಕಾರ್ಡಿನ ಸಾಲಕ್ಕೆ ನೀವು ಸಹಿ ಹಾಕಿಲ್ಲದಿದ್ದರೆ ನೀವು ಹೊಣೆಯಲ್ಲ. ಅವರು ತೀರಿಕೊಂಡಿದ್ದರೂ, ಅವರಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ.

ಆದರೆ ತಿಂದ ಸಾಲ ಸುಳ್ಳಲ್ಲವಲ್ಲ, ಕಟ್ಟಬೇಕು. ಅದಕ್ಕೆ ಲೋಕ ಅದಾಲತ್ ಒಳ್ಳೆಯ ದಾರಿ. ಮೊದಲು ಬ್ಯಾಂಕಿನಿಂದ ಪೂರ್ತಿ ಲೆಕ್ಕ ತರಿಸಿ. ಖರ್ಚು ಮಾಡಿದ್ದೆಷ್ಟು, ಕಟ್ಟಿದ್ದೆಷ್ಟು, ಬಡ್ಡಿ ಮತ್ತು ದಂಡ ಎಷ್ಟು ಅಂತ ಸಂಘದ ಲೆಕ್ಕ ಬರೆಯುವವರ ಹತ್ತಿರ ಬೇರೆ ಬೇರೆ ಬರೆಸಿ. ಅಸಲಿನ ಹತ್ತಿರದಿಂದ ಮಾತು ಶುರು ಮಾಡಿ, ನಮ್ಮ ಕೈಲಾಗುವ ಮೊತ್ತದ ಮೇಲೆ ಹೋಗಬೇಡಿ. ಒಪ್ಪಿಗೆ ಇಲ್ಲದಿದ್ದರೆ "ಆಗಲ್ಲ" ಅನ್ನಬಹುದು, ಕೇಸು ವಾಪಸ್ ಕೋರ್ಟಿಗೆ ಹೋಗುತ್ತೆ, ಅಷ್ಟೇ. ಒಪ್ಪಿ ಸಹಿ ಮಾಡಿದರೆ ಅದು ಡಿಕ್ರಿಯಷ್ಟೇ ಗಟ್ಟಿ, ಮೇಲ್ಮನವಿ ಇಲ್ಲ. ಕಂತು ತಪ್ಪಿದರೆ ಅದರ ಮೇಲೆಯೇ ವಸೂಲಿಗೆ ಬರುತ್ತಾರೆ. ಮನೆಯಲ್ಲಿ ಶಾಲೆ ಫೀಸು, ರೇಷನ್ನು, ಸಂಘದ ಕಂತು ಕಳೆದು ಉಳಿಯುವುದು ಎಷ್ಟು ಅಂತ ಹಿಂದಿನ ದಿನವೇ ಲೆಕ್ಕ ಹಾಕಿಕೊಂಡು ಹೋಗಿ. ಇದನ್ನು ತೀರಿಸಲು ಮೀಟರ್ ಬಡ್ಡಿಯವರ ಹತ್ತಿರ ಹೋದವರನ್ನೂ ನೋಡಿದ್ದೇನೆ. ಬೇಡ.

ಹೊರಗಡೆ ರಾಜಿಯಾದರೆ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಮೊತ್ತ, ಕಂತು, ಕೇಸಿನ ನಂಬರು ಬರೆಸಿಕೊಂಡ ಮೇಲೇ ಹಣ. ಅದೂ ಕಾರ್ಡಿನ ಖಾತೆಗೇ, ಏಜೆಂಟನ ಫೋನ್ ನಂಬರಿಗಲ್ಲ. ರಾಜಿ ಪತ್ರ ಕೋರ್ಟಿಗೆ ಸಲ್ಲಿಸಿ, ಕೇಸು ಮುಗಿದ ಆದೇಶ ಬರುವವರೆಗೂ ತಾರೀಖು ತಪ್ಪಿಸಬೇಡಿ. ಕೊನೆಗೆ "ಬಾಕಿ ಇಲ್ಲ" ಎಂಬ ಪತ್ರ ಪಡೆಯಿರಿ. ಕಡಿಮೆ ಹಣಕ್ಕೆ ರಾಜಿಯಾದರೆ ಸಿಬಿಲ್ ವರದಿಯಲ್ಲಿ "ಸೆಟಲ್ಡ್" ಅಂತ ಬೀಳುತ್ತೆ, ಮುಂದೆ ಬ್ಯಾಂಕ್ ಸಾಲಕ್ಕೆ ಸ್ವಲ್ಪ ತೊಂದರೆ. ವರ್ಷಕ್ಕೊಮ್ಮೆ ಆ ವರದಿ ಉಚಿತವಾಗಿ ಸಿಗುತ್ತದೆ, ಎರಡು ಮೂರು ತಿಂಗಳು ಬಿಟ್ಟು ತೆಗೆಸಿ ನೋಡಿ. ಇನ್ನೂ ಬಾಕಿ ಅಂತಲೇ ತೋರಿಸುತ್ತಿದ್ದರೆ ಬ್ಯಾಂಕಿಗೆ ಬರೆದು ಕೊಡಿ, 30 ದಿನದಲ್ಲಿ ಸರಿ ಮಾಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಪತ್ರ, ರಸೀದಿ, ಕೋರ್ಟಿನ ಆದೇಶ ಎಲ್ಲವನ್ನೂ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಡಿ, ಒಂದೊಂದು ಜೆರಾಕ್ಸ್ ಸಂಘದ ಕಡತದಲ್ಲೂ ಇರಲಿ.