ಆಲೆಮನೆಯಲ್ಲಿ ಆಡುವ ಕನ್ನಡ

ಪ್ರಶ್ನೆ: ಜನ ನಿಜವಾಗಿ ಆಡಿದ ಮಾತನ್ನು ರೆಕಾರ್ಡ್ ಮಾಡಿ, ಅದರಿಂದಲೇ ವಲಸೆ ಬಂದವರಿಗೆ ಫ್ರೆಂಚ್ ಕಲಿಸುತ್ತಾರಂತೆ. ನಮ್ಮ ಆಲೆಮನೆಗಳಿಗೆ ಉತ್ತರ ಪ್ರದೇಶದ ಕಡೆಯಿಂದ ಬರುವವರಿಗೆ ಕನ್ನಡವನ್ನೂ ಹೀಗೆ ಕಲಿಸಬಹುದೆ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ಕಲಿಸಬಹುದು. ಪ್ರಶ್ನೆ ಪಾಂಡವಪುರದಿಂದಲೇ ಬಂದದ್ದು ಚೆನ್ನಾಯಿತು. ಹೈದರ್, ಟಿಪ್ಪು ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದಕ್ಕೇ ನಿಮ್ಮೂರಿಗೆ ಬ್ರಿಟಿಷರ ಕಾಲದಲ್ಲಿ 'ಫ್ರೆಂಚ್ ರಾಕ್ಸ್' ಎಂಬ ಹೆಸರಿತ್ತು. ಆ ಸಿಪಾಯಿಗಳಿಗೆ ಯಾರು ಪಾಠ ಹೇಳಿದರೋ!

ಫ್ರಾನ್ಸಿನಲ್ಲಿ ಈ ಕೆಲಸಕ್ಕೆ ಅಡಿಪಾಯ ಬಿದ್ದದ್ದು 1950ರ ದಶಕದಲ್ಲಿ. ಭಾಷಾವಿಜ್ಞಾನಿ ಜಾರ್ಜ್ ಗೂಗೆನೈಮ್ ಮತ್ತು ಸಂಗಡಿಗರು 275 ಮಂದಿಯ ಮಾತನ್ನು ಟೇಪಿಗೆ ಹಿಡಿದು, ಮೂರು ಲಕ್ಷಕ್ಕೂ ಹೆಚ್ಚು ಪದಗಳನ್ನು ಎಣಿಸಿದರು. ಈಗ ಲಿಯಾನ್ ನಗರದ 'ಕ್ಲಾಪಿ' ಸಂಗ್ರಹದಲ್ಲಿ ಅಂಗಡಿ, ಊಟದ ಮೇಜು, ಕಚೇರಿಗಳಲ್ಲಿ ನಡೆದ ಮಾತುಕತೆಗಳೇ ಇವೆ. ಪುಸ್ತಕದಲ್ಲಿ 'ಜ ನ ಸೇ ಪಾ' ಎಂದು ಕಲಿತವನಿಗೆ ಬೀದಿಯಲ್ಲಿ 'ಶೇ ಪಾ' ಎಂದಷ್ಟೇ ಕೇಳಿಸುತ್ತದೆ. ಅರ್ಥ ಒಂದೇ: ನನಗೆ ಗೊತ್ತಿಲ್ಲ.

ನಮ್ಮಲ್ಲೂ ಅದೇ ಪಾಡು. 'ಒಲೆಗೆ ಸಿಪ್ಪೆ ಹಾಕಿರಿ' ಎಂದು ಕಲಿತು ಬಂದವನಿಗೆ 'ಸಿಪ್ಪೆ ಆಕ್ಲಾ' ಎಂದರೆ ಏನು ತಿಳಿದೀತು? ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕನ್ನಡದ ದೊಡ್ಡ ಪಠ್ಯಸಂಗ್ರಹವಿದೆ. ಆದರೆ ಅಚ್ಚಾದ ಬರಹದಲ್ಲಿ ಈ 'ಆಕ್ಲಾ' ಹುಡುಕಿದರೂ ಸಿಗುವುದು ಕಷ್ಟ. ಕೆ.ಆರ್. ಪೇಟೆಯ ಬಸ್ ನಿಲ್ದಾಣ, ನಾಗಮಂಗಲದ ಸಂತೆ, ಶ್ರೀರಂಗಪಟ್ಟಣದ ಅಂಗಡಿಗಳಲ್ಲೇ ಅದನ್ನು ಹಿಡಿಯಬೇಕು.

ಒಂದು ತೊಡಕುಂಟು. ಗೂಗೆನೈಮ್ ತಂಡಕ್ಕೆ ಎದುರಾದದ್ದೂ ಅದೇ: ಎಲ್ಲರಿಗೂ ಗೊತ್ತಿರುವ ಎಷ್ಟೋ ವಸ್ತುಗಳ ಹೆಸರು ರೆಕಾರ್ಡಿನಲ್ಲಿ ಬರುವುದೇ ಅಪರೂಪ. ಆಲೆಮನೆಯಲ್ಲಿ ಮೈಕು ಇಟ್ಟು ನೋಡಿ; 'ಅದ ತಗಾ', 'ಇಲ್ಲಿ ಮಡಗು', 'ಸಾಕು ಬುಡು' ಧಾರಾಳವಾಗಿ ಸಿಗುತ್ತವೆ. ಕೊಪ್ಪರಿಗೆ ಕಣ್ಣೆದುರೇ ಕುದಿಯುತ್ತಿರುವಾಗ ಅದರ ಹೆಸರು ಹಿಡಿದು ಕರೆಯುವವರು ಯಾರು? ಅದಕ್ಕೇ ಆ ತಂಡ ಶಾಲಾ ಮಕ್ಕಳ ಬಳಿ ಹೋಗಿ, ಒಂದೊಂದು ವಿಷಯಕ್ಕೂ ತೋಚಿದ ಪದಗಳನ್ನು ಬರೆಸಿಕೊಂಡಿತು. ಇಲ್ಲಿಯೂ ಪಾಕ ನೋಡುವವರನ್ನು ಕೂರಿಸಿ ಗಾಣ, ಅಚ್ಚು, ಕಬ್ಬಿನ ಹಾಲು ಎಂದು ಒಂದೊಂದನ್ನೂ ಹೇಳಿಸಬೇಕು. ಬರೀ ಎಣಿಕೆ ನೆಚ್ಚಿದರೆ ಪಾಠ ಅರ್ಧವೇ.

ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ. ಆಲೆಮನೆಯ ಮಾತು ಕೆಲಸ ಮಾಡುತ್ತಲೇ ಕಿವಿಗೆ ಬೀಳುತ್ತದೆ, ಕಲಿತುಬಿಡುತ್ತಾರೆ. ತಡವರಿಸುವುದು ಕೂಲಿ ಲೆಕ್ಕದಲ್ಲಿ, ಆಸ್ಪತ್ರೆಯ ಚೀಟಿ ಸಾಲಿನಲ್ಲಿ, ಮಗುವನ್ನು ಶಾಲೆಗೆ ಸೇರಿಸುವಾಗ. ರೆಕಾರ್ಡ್ ಮಾಡುವುದಾದರೆ ಎಲ್ಲರ ಒಪ್ಪಿಗೆ ಪಡೆದು ಮೊದಲು ಅಲ್ಲಿಗೆ ಹೋಗಿ.