ಬಾಗುವ ಭಾಗಗಳ ಜೋಡಣೆ

ಬೈಸಿಕಲ್ಲಿನ ಬೋಲ್ಟಿಗೆ ನಟ್ಟನ್ನು ತೊಡಿಸುವುದು ಸುಲಭ. ಟಯರಿನೊಳಗೆ ಟ್ಯೂಬನ್ನು ಕೂಡಿಸುವುದು ಅಷ್ಟು ಸುಲಭವಲ್ಲ. ನಟ್ಟು ತನ್ನ ಆಕಾರವನ್ನು ಬಿಡದು. ಟ್ಯೂಬಾದರೋ ಒಂದೆಡೆ ಒಳಸೇರಿಸಿದರೆ ಇನ್ನೊಂದೆಡೆ ಹೊರಬರುವುದು, ಮಡಿಚುವುದು, ತಿರುಚಿಕೊಳ್ಳುವುದು. ಈ ಭೇದವೇ ಇಂದು ಯಂತ್ರಶಿಲ್ಪಿಗಳಿಗೆ ದೊಡ್ಡ ಸಮಸ್ಯೆಯಾಗಿದೆ.

ಕಾರು, ವಿಮಾನ ಮೊದಲಾದವುಗಳನ್ನು ಕಟ್ಟುವ ಮುನ್ನ, ಅವುಗಳ ಬಿಡಿಭಾಗಗಳನ್ನು ಕಂಪ್ಯೂಟರು ನಿರ್ಮಿಸಿದ ಮಿಥ್ಯಾಲೋಕದಲ್ಲಿ ಜೋಡಿಸಿ ನೋಡುವ ಪದ್ಧತಿಯುಂಟು. ಇದರ ಹೆಸರು ವರ್ಚುವಲ್ ರಿಯಾಲಿಟಿ. ಕಣ್ಣ ಮುಂದೆ ಪುಟ್ಟ ಪರದೆಗಳನ್ನು ಹಿಡಿದು ನಿಲ್ಲುವ ಶಿರೋಧಾರ್ಯ ಯಂತ್ರವೊಂದನ್ನು ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಅವರು 1968ರಲ್ಲಿಯೇ ರಚಿಸಿದ್ದರು.

ಈ ಲೋಕದಲ್ಲಿ ಗಡುಸಾದ ವಸ್ತುವಿನ ನೆಲೆಯನ್ನು ಹೇಳಲು ಆರು ಸಂಖ್ಯೆಗಳು ಸಾಕು: ಸ್ಥಾನಕ್ಕೆ ಮೂರು, ತಿರುವಿಗೆ ಮೂರು. ಬಾಗುವ ತಂತಿಗೆ ಆರು ಸಾಲವು. ಅದನ್ನು ನೂರಾರು ಕಿರುತುಂಡುಗಳ ಸರಪಳಿಯೆಂದು ಭಾವಿಸಿ, ಒಂದೊಂದು ತುಂಡಿನ ಎಳೆತ, ಬಾಗು, ತಿರುಚುಗಳನ್ನು ಲೆಕ್ಕಹಾಕಬೇಕು. ಎಳೆದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ನೀಳುವುದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವೇ ಈ ಲೆಕ್ಕಕ್ಕೆ ಮೊದಲ ಮೆಟ್ಟಿಲು.

ಲೆಕ್ಕ ಸರಿಯಾದರೆ ಸಾಲದು, ಬೇಗನೆ ಮುಗಿಯಲೂ ಬೇಕು. ಕಣ್ಣಿಗೆ ಸೆಕೆಂಡಿಗೆ ಸುಮಾರು 90 ಚಿತ್ರಗಳಾದರೆ ಸಾಕು. ಆದರೆ ತಂತಿಯ ಪ್ರತಿರೋಧವನ್ನು ಕೈಗೆ ತಿಳಿಸುವ ಯಂತ್ರಕ್ಕೆ ಸೆಕೆಂಡಿಗೆ ಸುಮಾರು 1000 ಬಾರಿ ಬಲದ ಬೆಲೆ ಒದಗಬೇಕು. ತಡವಾದರೆ ಹಿಡಿಕೆ ನಡುಗುವುದು. ಆದಕಾರಣ ಆಕಾರವನ್ನು ನಿಧಾನವಾಗಿಯೂ ಸ್ಪರ್ಶವನ್ನು ಶೀಘ್ರವಾಗಿಯೂ ಬೇರೆಬೇರೆಯಾಗಿ ಗಣಿಸುವ ಉಪಾಯವನ್ನು ಕಂಡುಕೊಂಡಿದ್ದಾರೆ.

ಇಷ್ಟು ಶ್ರಮವೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಏರ್‌ಬಸ್ ಎ380 ವಿಮಾನದ ಒಡಲಲ್ಲಿ ಸುಮಾರು 500 ಕಿಲೋಮೀಟರು ತಂತಿಯಿದೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ತಂತಿ ಅಳವಡಿಸಿದ ಭಾಗಗಳು ಫ್ರಾನ್ಸಿನ ಟೂಲೂಸಿಗೆ ಬಂದಾಗ ತಂತಿಗಳು ಸರಿಯಾಗಿ ಕೂಡಲಿಲ್ಲ. ವಿನ್ಯಾಸ ಕೇಂದ್ರಗಳು ಒಂದೇ ತಂತ್ರಾಂಶದ ಬೇರೆಬೇರೆ ಆವೃತ್ತಿಗಳನ್ನು ಬಳಸಿದ್ದುದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. 2006ರಲ್ಲಿ ಈ ತೊಡಕು ಬಯಲಾಗಿ, ಮೊದಲ ವಿಮಾನ ಗ್ರಾಹಕರ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ. ಪರದೆಯ ಮೇಲಿನ ಸಣ್ಣ ಅಂತರ ಕಾರ್ಖಾನೆಯಲ್ಲಿ ದೊಡ್ಡ ನಷ್ಟವಾಯಿತು.

ಒಂದೇ ಉದ್ದದ ತಾಮ್ರದ ತಂತಿಯನ್ನೂ ನೂಲನ್ನೂ ಒಂದು ತುದಿಯಲ್ಲಿ ಹಿಡಿದು ನೋಡೋಣ. ಉದ್ದ ಒಂದೇ, ಬಾಗುವ ರೀತಿ ಬೇರೆ. ಈ ರೀತಿಯನ್ನು ಮೊದಲು ನಿಜವಾದ ವಸ್ತುವಿನಲ್ಲಿ ಅಳೆದು ಕಂಪ್ಯೂಟರಿಗೆ ತಿಳಿಸಬೇಕು. ಅಳತೆ ತಪ್ಪಿದ್ದರೆ ಮಿಥ್ಯಾಲೋಕವು ಎಷ್ಟು ಸುಂದರವಾಗಿದ್ದರೂ ಅದರ ತೀರ್ಪನ್ನು ನಂಬಲಾಗದು.